ಮುರುಡೇಶ್ವರಕ್ಕೂ ಮೊದಲಿನ ನಿಲ್ದಾಣ

ಪಂಚಗಂಗಾ ರೈಲು ಬೆಳಗಿನ ಹೊತ್ತು ಭಟ್ಕಳಕ್ಕೆ ಬರುವಾಗ ಬೋಗಿಯಲ್ಲಿ ಎರಡು ಬಗೆಯ ಜನ ಎದ್ದಿರುತ್ತಾರೆ. ಬೆಂಗಳೂರಿನಿಂದ ಮನೆಗೆ ಮರಳುವ ಊರಿನವರು ಚೀಲ ಹೆಗಲಿಗೇರಿಸಿ ಇಳಿದುಬಿಡುತ್ತಾರೆ. ಪ್ರವಾಸಕ್ಕೆ ಹೊರಟವರು ಕಿಟಕಿಯಿಂದ ಫಲಕ ಓದಿ, ‘ಇದು ಭಟ್ಕಳ, ನಮ್ಮದು ಇನ್ನೂ ಮುಂದೆ’ ಎಂದು ಮತ್ತೆ ಕೂರುತ್ತಾರೆ. ಅವರ ಕಣ್ಣು ಮುರುಡೇಶ್ವರದ ಮೇಲೆ. 123 ಅಡಿ ಎತ್ತರದ ಶಿವ, ಮುಗಿಲಿಗೆ ಮುಟ್ಟುವ ರಾಜಗೋಪುರ, ಅದರ ಲಿಫ್ಟು. ಅಲ್ಲಿಗೆ ಹೋಗುವುದು ತಪ್ಪಲ್ಲ. ಆದರೆ ವಿಜಯನಗರದ ಕುದುರೆಗಳು ಇಳಿದ ಬಂದರನ್ನು ಒಂದು ನಿಮಿಷದ ನಿಲುಗಡೆಯಲ್ಲಿ ನೋಡಿ ಮುಗಿಸುವುದು ನನಗೆ ಪ್ರತಿ ಸಲವೂ ಸಂಕಟ ತರುತ್ತದೆ. ವರ್ಷಗಟ್ಟಲೆ ನಾನೂ ಹಾಗೆ ಕೂತೇ ಮುಂದೆ ಹೋದವನು. ಈಗ ಯಾರಾದರೂ ಮುರುಡೇಶ್ವರಕ್ಕೆ ಹೊರಟಿದ್ದೇವೆ ಎಂದರೆ, ಒಂದು ದಿನ ಮೊದಲು ಹೊರಡಿ, ಭಟ್ಕಳದಲ್ಲಿ ಇಳಿಯಿರಿ ಎನ್ನುತ್ತೇನೆ.

ಹೀಗೆ ಹೇಳಿದಾಗ ಕೆಲವರ ಮುಖ ಸಣ್ಣದಾಗುವುದನ್ನು ಕಂಡಿದ್ದೇನೆ. ಪತ್ರಿಕೆಯ ಮುಖಪುಟದಲ್ಲಿ ಈ ಊರಿನ ಹೆಸರು ಬಂದದ್ದೆಲ್ಲ ಬಹುಮಟ್ಟಿಗೆ ಕೆಟ್ಟ ಸುದ್ದಿಗೇ. ಆ ದಿನಗಳ ನೋವು ಸುಳ್ಳಲ್ಲ, ಅದನ್ನು ಅನುಭವಿಸಿದವರು ಊರಿನಲ್ಲೇ ಇದ್ದಾರೆ. ಆದರೆ ಐದಾರು ಶತಮಾನ ಹಡಗುಗಳಿಗೆ ಬಾಗಿಲು ತೆರೆದು ಕೂತಿದ್ದ ಊರನ್ನು ಅದೊಂದರಿಂದಲೇ ಅಳೆಯಬಾರದು.

ಹೋಗುವುದಾದರೆ ನವೆಂಬರಿನಿಂದ ಫೆಬ್ರವರಿಯ ಒಳಗೆ ಹೋಗಿ. ಉಡುಪಿ, ಕುಂದಾಪುರದ ಕಡೆಯವರಿಗೆ ರಾಷ್ಟ್ರೀಯ ಹೆದ್ದಾರಿ 66ರ ಬಸ್ಸು ಸಾಕು. ಸಾಗರ, ಕಾರ್ಗಲ್ ಕಡೆಯವರು ಕೋಗಾರ ಘಟ್ಟ ಇಳಿದು ಬರಬಹುದು. ಕಾಡಿನ ದಾರಿ, ತಿರುವು ಹೆಚ್ಚು, ಕತ್ತಲಾದ ಮೇಲೆ ಬೇಡ. ಬೆಂಗಳೂರಿನವರಿಗೆ ರಾತ್ರಿ ರೈಲು. ಸ್ಟೇಷನ್ನಿನಿಂದ ರಿಕ್ಷಾ ಹಿಡಿದು, ತಿಂಡಿ ಮುಗಿಸಿ, ಎಂಟು ಗಂಟೆಗೆಲ್ಲ ಮೊದಲ ದೇವಸ್ಥಾನದ ಅಂಗಳದಲ್ಲಿರಬೇಕು. ಇದನ್ನು ಒತ್ತಿ ಹೇಳಲು ಕಾರಣವಿದೆ. ನಾನು ಮೊದಲ ಸಲ ಹೋದದ್ದು ಏಪ್ರಿಲ್ ತಿಂಗಳ ಮಟಮಟ ಮಧ್ಯಾಹ್ನ. ಚಪ್ಪಲಿ ಹೊರಗೆ ಬಿಟ್ಟು ಅಂಗಳದ ಹಾಸುಗಲ್ಲಿನ ಮೇಲೆ ಕಾಲಿಟ್ಟರೆ ಕಾದ ಕಾವಲಿ. ನೆರಳಿನಿಂದ ನೆರಳಿಗೆ ಓಡುವುದರಲ್ಲೇ ಸಮಯ ಹೋಯಿತು, ಗೋಡೆ ನೋಡಲು ಆಗಲಿಲ್ಲ. ಬರಿಗಾಲಲ್ಲಿ ನೋಡಬೇಕಾದ ಊರಿಗೆ ಬೆಳಗ್ಗೆಯೇ ಹೋಗಬೇಕು.

ಮೂಡಭಟ್ಕಳದ ಕಡೆ ಇರುವ ಖೇತಪೈ ನಾರಾಯಣ ದೇವಸ್ಥಾನದಿಂದ ಶುರುಮಾಡಿ. ದೊಡ್ಡದಲ್ಲ. ಹಂಪಿಯನ್ನೋ ಬೇಲೂರನ್ನೋ ಮನಸ್ಸಿನಲ್ಲಿಟ್ಟುಕೊಂಡು ಹೋದವರಿಗೆ ಮೊದಲ ನೋಟಕ್ಕೆ ಇಷ್ಟೇನಾ ಅನಿಸಬಹುದು. ಕಟ್ಟಿದ್ದು 16ನೇ ಶತಮಾನದಲ್ಲಿ, ಕಟ್ಟಿಸಿದವನ ಹೆಸರೇ ದೇವರ ಹೆಸರಿನ ಜೊತೆ ಉಳಿದುಬಿಟ್ಟಿದೆ. ಸುತ್ತು ಬರುವ ಮೊದಲು ಸ್ವಲ್ಪ ದೂರ ನಿಂತು ಮಾಡು ನೋಡಿ. ಘಟ್ಟದ ಮೇಲಿನ ಗುಡಿಗಳಂತೆ ಚಪ್ಪಟೆ ಚಾವಣಿಯಲ್ಲ, ನಮ್ಮ ಹಂಚಿನ ಮನೆಗಳಂತೆ ಇಳಿಜಾರು. ಆದರೆ ಹಂಚಿಲ್ಲ, ಹುಲ್ಲಿಲ್ಲ, ಪೂರ್ತಿ ಕಲ್ಲು. ಹಲಗೆ ಹಲಗೆಯಾಗಿ ಸೀಳಿದ ದೊಡ್ಡ ಕಲ್ಲುಗಳನ್ನು ಓರೆಯಾಗಿ ಹೊದಿಸಿದ್ದಾರೆ. ಎರಡು ಹಲಗೆ ಕೂಡುವ ಸಂದಿನ ಮೇಲೆ ಉದ್ದಕ್ಕೆ ಒಂದು ಕಲ್ಲಿನ ದಬ್ಬೆ. ಮರಗೆಲಸದ ಆಚಾರಿ ಹಲಗೆಯ ಸಂದಿಗೆ ಪಟ್ಟಿ ಹೊಡೆಯುತ್ತಾನಲ್ಲ, ಅದೇ ಕೆಲಸ. ನೀರು ಸಂದಿಗೆ ಇಳಿಯದೆ ಹಲಗೆಯ ಮೇಲಿಂದಲೇ ಜಾರಿ ಹೋಗಬೇಕು.

ಗೋಡೆಗೆ ಹತ್ತಿರ ಬಂದರೆ ಮರದ ಬುದ್ಧಿ ಇನ್ನೂ ಸ್ಪಷ್ಟ. ಗೋಡೆ ಇರಬೇಕಾದ ಕಡೆ ಕಲ್ಲಿನ ಪಟ್ಟಿಗಳನ್ನು ಸಾಲಾಗಿ ನಿಲ್ಲಿಸಿ ಜಾಲಂಧ್ರ ಮಾಡಿದ್ದಾರೆ, ಹಳೆಯ ಮನೆಗಳ ಜಗಲಿಗೆ ಮರದ ಅಳಿ ಹಾಕುವ ಹಾಗೆ. ಒಳಗೆ ಗಾಳಿ ಆಡುತ್ತದೆ. ಬೆಳಗಿನ ಬಿಸಿಲು ಪಟ್ಟಿ ಪಟ್ಟಿಯಾಗಿ ನೆಲಕ್ಕೆ ಬೀಳುತ್ತದೆ, ಹೊತ್ತೇರಿದ ಹಾಗೆ ಸರಿಯುತ್ತದೆ. ಹೊರಗಿನ ಕಿರುಶಿಲ್ಪಗಳನ್ನು ನೋಡಲು ಬಗ್ಗಬೇಕು. ಬಗ್ಗಿ, ಅವಸರ ಬೇಡ. ಆದರೆ ನನ್ನ ಕಣ್ಣು ಮತ್ತೆ ಮತ್ತೆ ಹೋಗುವುದು ಮಾಡಿನ ಕಡೆಗೇ. ಮರದಲ್ಲಿ ತಲೆಮಾರುಗಳ ಕಾಲ ಕಟ್ಟಿ ಕೈ ಪಳಗಿದ ಕುಶಲಕರ್ಮಿಗಳು, ಊರಿನಲ್ಲಿ ದುಡ್ಡು ತುಂಬಿದ ಕಾಲಕ್ಕೆ, ತಮ್ಮ ಮರದ ಜಾಣ್ಮೆಯನ್ನೆಲ್ಲ ಕಲ್ಲಿಗೆ ಬರೆದಿಟ್ಟ ಹಾಗಿದೆ.

ಮಳೆಯ ಲೆಕ್ಕ ಇಲ್ಲಿ ಪುಸ್ತಕದ ವಿಷಯವಲ್ಲ. 2022ರ ಆಗಸ್ಟ್ ಮೊದಲ ವಾರ ಭಟ್ಕಳದಲ್ಲಿ ಒಂದೇ ದಿನ 500 ಮಿಲಿಮೀಟರಿಗೂ ಹೆಚ್ಚು ಮಳೆ ಸುರಿಯಿತು. ಮುಟ್ಠಳ್ಳಿಯಲ್ಲಿ ಗುಡ್ಡ ಜರಿದು ಒಂದೇ ಮನೆಯ ನಾಲ್ಕು ಜೀವ ಹೋದವು. ಬಯಲುಸೀಮೆಯ ಎಷ್ಟೋ ಊರುಗಳಿಗೆ ಅದು ಇಡೀ ವರ್ಷದ ಮಳೆ. ಆ ಇಳಿಜಾರು ಕಲ್ಲುಗಳು ಚೆಂದಕ್ಕೆ ಬಂದವಲ್ಲ.

ಪೇಟೆಯೊಳಗಿನ ಜಟ್ಟಪ್ಪ ನಾಯಕನ ಚಂದ್ರನಾಥೇಶ್ವರ ಬಸದಿಗೆ ಅರ್ಧ ಗಂಟೆಯಾದರೂ ಇಡಿ. ಎದುರಿಗೆ ಒಂಟಿ ಕಲ್ಲಿನ ಮಾನಸ್ತಂಭ, ಹಿಂದೆ ಅದೇ ಇಳಿಜಾರು ಮಾಡಿನ ಉದ್ದನೆಯ ಕಟ್ಟಡ. ದೂರದಿಂದ ನೋಡಿದರೆ ಶ್ರೀಮಂತರ ತೊಟ್ಟಿಮನೆಯೇ ಅನ್ನಬೇಕು. ಪಾರ್ಶ್ವನಾಥ ಬಸದಿ, ಸಂತಪ್ಪ ನಾಯಕನ ತಿರುಮಲ ದೇವಸ್ಥಾನ, ಅಡಿಕೆ ನಾರಾಯಣ, ರಘುನಾಥ — ಇವೆಲ್ಲವೂ ಹತ್ತಿರ ಹತ್ತಿರವೇ. ಎಲ್ಲವನ್ನೂ ಒಂದೇ ಬೆಳಗಿಗೆ ತುರುಕಬೇಡಿ. ಬಾಗಿಲು ತೆರೆದಿರುವ ಮೂರು ಸಾಕು.

ಇಷ್ಟೊಂದು ಗುಡಿ, ಬಸದಿ ಇಷ್ಟು ಚಿಕ್ಕ ಊರಿನಲ್ಲಿ ಯಾಕೆ? ಉತ್ತರ ಶರಾಬಿ ಹೊಳೆಯ ಅಳಿವೆಯಲ್ಲಿದೆ. ಹೋರ್ಮುಜ್‌ನಿಂದ ಬಂದ ಹಡಗುಗಳು ಅರಬ್ಬಿ ಕುದುರೆಗಳನ್ನೂ ಮುತ್ತನ್ನೂ ಇಲ್ಲಿ ಇಳಿಸುತ್ತಿದ್ದವು. ಹೋಗುವಾಗ ಅಕ್ಕಿ, ಸಕ್ಕರೆ, ಕಬ್ಬಿಣ, ಮೆಣಸು ತುಂಬಿಕೊಳ್ಳುತ್ತಿದ್ದವು. 16ನೇ ಶತಮಾನದ ಆರಂಭದ ಪೋರ್ಚುಗೀಸ್ ಬರಹಗಾರ ದುವಾರ್ತೆ ಬಾರ್ಬೋಸಾ ಈ ಪೇಟೆಯ ವ್ಯಾಪಾರವನ್ನು ವಿವರವಾಗಿ ಬರೆದಿದ್ದಾನೆ. ಘಟ್ಟ ಹತ್ತಿ ವಿಜಯನಗರದ ಕಡೆ ಹೋಗುತ್ತಿದ್ದ ಹೇರೆತ್ತುಗಳ ಲೆಕ್ಕ ಸಾವಿರಗಳಲ್ಲಿತ್ತು. ಕುದುರೆಯಿಲ್ಲದೆ ವಿಜಯನಗರದ ಸೈನ್ಯವಿಲ್ಲ. ಆ ಕುದುರೆಯ ಗೊರಸು ಕನ್ನಡದ ನೆಲವನ್ನು ಮೊದಲು ತುಳಿದ ಜಾಗಗಳಲ್ಲಿ ಇದೂ ಒಂದು.

ಕಡಲಿನಿಂದ ಸಂಪತ್ತು ಬಂದ ದಾರಿಯಲ್ಲೇ ಫಿರಂಗಿಯೂ ಬಂತು. 1502ರಲ್ಲಿ ವಾಸ್ಕೋ ಡ ಗಾಮನ ಪಡೆ ಇಲ್ಲಿಗೆ ಬಂದು ಬಲಪ್ರಯೋಗ ಮಾಡಿ, ವರ್ಷವರ್ಷವೂ ಅಕ್ಕಿಯನ್ನು ಕಪ್ಪವಾಗಿ ಕೊಡಬೇಕೆಂದು ಒಪ್ಪಿಸಿತು. 1510ರಲ್ಲಿ ಗೋವೆ ಪೋರ್ಚುಗೀಸರ ಕೈಸೇರಿದ ಮೇಲೆ ಕುದುರೆ ಹಡಗುಗಳನ್ನು ಅತ್ತ ತಿರುಗಿಸುವುದೇ ಅವರ ಹಟವಾಯಿತು. 1542ರಲ್ಲಿ ಗವರ್ನರ್ ಮಾರ್ತಿಮ್ ಅಫೋನ್ಸೊ ಡಿ ಸೋಜಾ ಊರನ್ನೇ ಸುಟ್ಟು ಸೂರೆ ಮಾಡಿದ. ನಾವಿಂದು ನೋಡುವ ಗುಡಿ, ಬಸದಿಗಳಲ್ಲಿ ಹಲವು ಆ ಶತಮಾನದ್ದೇ ಎಂಬುದನ್ನು ನೆನೆದಾಗ, ಅಷ್ಟು ಪೆಟ್ಟು ತಿಂದ ಊರು ಕಲ್ಲು ಒಡೆಯುವುದನ್ನು ಬಿಡಲಿಲ್ಲವಲ್ಲ ಎಂದು ಮೈ ಜುಮ್ಮೆನ್ನುತ್ತದೆ. ಆಮೇಲೆ ಈ ಸೀಮೆಯನ್ನು ಆಳಿದವಳು ಗೇರುಸೊಪ್ಪೆಯ ಚೆನ್ನಭೈರಾದೇವಿ. ಪೋರ್ಚುಗೀಸರು ಮೆಣಸಿನ ರಾಣಿ ಎಂದು ಕರೆದದ್ದು ಅವಳನ್ನೇ.

ಇಂಗ್ಲಿಷರೂ ಬಂದರು. 1637ರಲ್ಲಿ ಜಾನ್ ವೆಡೆಲ್ ಎಂಬ ಕಪ್ತಾನ ಇಲ್ಲಿ ವ್ಯಾಪಾರದ ಕೋಠಿ ತೆರೆಯಲು ನೋಡಿದ. ಆ ಕಾಲದ ಯುರೋಪಿಯನ್ ಸಮಾಧಿಗಳು ಊರಿನಲ್ಲಿವೆ, ಪುರಾತತ್ವ ಇಲಾಖೆಯ ರಕ್ಷಣೆಯಲ್ಲಿವೆ. ಇಂಗ್ಲಿಷರ ನಾಯಿಯೊಂದು ದೇವಸ್ಥಾನದ ಹಸುವನ್ನು ಕೊಂದು, ಸಿಟ್ಟಿಗೆದ್ದ ಜನ ಅವರನ್ನು ಕೊಂದರು ಎಂಬ ಕತೆಯನ್ನು ಪ್ರವಾಸಿ ಅಲೆಗ್ಸಾಂಡರ್ ಹ್ಯಾಮಿಲ್ಟನ್ ಬರೆದಿಟ್ಟಿದ್ದಾನೆ. ಸಮಯವಿದ್ದರೆ ಹುಡುಕಿ ನೋಡಿ, ಇಲ್ಲದಿದ್ದರೆ ಬಿಟ್ಟರೂ ನಷ್ಟವಿಲ್ಲ.

ಮಧ್ಯಾಹ್ನ ಊಟಕ್ಕೆ ಪೇಟೆಗೆ ಬನ್ನಿ. ಭಟ್ಕಳಕ್ಕೆ ಬಂದು ಭಟ್ಕಳಿ ಬಿರಿಯಾನಿ ತಿನ್ನದೆ ಹೋಗುವುದು ಮಾಂಸಾಹಾರಿಗಳಿಗೆ ಸಲ್ಲದು. ಇದರ ಬಲ ಇರುವುದು ಈರುಳ್ಳಿಯಲ್ಲಿ. ರಾಶಿ ಈರುಳ್ಳಿಯನ್ನು ತಾಳ್ಮೆಯಿಂದ ಬಾಡಿಸಿ ಮಾಡಿದ ಮಸಾಲೆ ಅಡಿಯಲ್ಲಿ, ಬೇರೆಯಾಗಿ ಬೆಂದ ಅನ್ನ ಮೇಲೆ. ಕೋಳಿ, ಕುರಿಯಷ್ಟೇ ಅಲ್ಲ, ಮೀನಿನದೂ ಸೀಗಡಿಯದೂ ಉಂಟು. ಅಕ್ಕಿಯ ಬದಲು ಶಾವಿಗೆಯಲ್ಲಿ ಮಾಡುವ ಬಿರಿಯಾನಿಯೂ ಈ ಊರಿನದೇ. ಅದು ಹೆಚ್ಚಾಗಿ ಮನೆಯ ಅಡುಗೆ, ಹೋಟೆಲಿನಲ್ಲಿ ಸಿಕ್ಕರೆ ನಿಮ್ಮ ಅದೃಷ್ಟ. ಸಸ್ಯಾಹಾರಿಗಳಿಗೂ ಊಟದ ಹೋಟೆಲುಗಳಿವೆ. ಶುಕ್ರವಾರವಾದರೆ ನಮಾಜಿನ ಹೊತ್ತಿಗೆ ಅಂಗಡಿಗಳು ಬಾಗಿಲು ಹಾಕುತ್ತವೆ, ಊಟವನ್ನು ಸ್ವಲ್ಪ ಹಿಂದೆ ಮುಂದೆ ಇಟ್ಟುಕೊಳ್ಳಿ.

ಈ ಅಡುಗೆ ನವಾಯತರದು. ಅರಬರ ವ್ಯಾಪಾರದ ಜೊತೆ ಬೆಳೆದು ಬಂದ ಈ ಸಮುದಾಯದ ಮಾತು ನವಾಯತಿ: ಕೊಂಕಣಿಯ ಎಲುಬು, ಅದರ ಮೇಲೆ ಅರಬ್ಬಿ, ಪಾರಸಿ ಪದಗಳ ಮೈ. ಬರೆಯುವುದು ಅರಬ್ಬಿ ಲಿಪಿಯಲ್ಲಿ. ಹಳೆಯ ಬೀದಿಗಳಲ್ಲಿ ನಡೆಯುತ್ತ ಫಲಕಗಳನ್ನು ಓದಿದರೆ ಶಾಬಂದರಿ ಎಂಬ ಅಡ್ಡಹೆಸರು ಕಣ್ಣಿಗೆ ಬೀಳುತ್ತದೆ. ಶಾಬಂದರ ಎಂದರೆ ಪಾರಸಿಯಲ್ಲಿ ಬಂದರಿನ ಅಧಿಕಾರಿ. ಹಡಗುಗಳು ನಿಂತು ಎಷ್ಟೋ ಕಾಲವಾಯಿತು, ಹುದ್ದೆ ಮನೆತನದ ಹೆಸರಾಗಿ ಉಳಿದಿದೆ. ಜಾಮಿಯಾ ಮಸೀದಿಯನ್ನು ಊರು ಕನ್ನಡದಲ್ಲೇ ಚಿನ್ನದ ಪಳ್ಳಿ ಎನ್ನುತ್ತದೆ. ರಾಮನವಮಿಯ ಹೊತ್ತಿಗೆ ಚೆನ್ನಪಟ್ಟಣ ಹನುಮಂತನ ತೇರು ಎಳೆಯುವ ಮೊದಲು ದೇವಸ್ಥಾನದವರು ವಾದ್ಯದೊಂದಿಗೆ ನವಾಯತ ಮನೆತನಕ್ಕೆ ಹೋಗಿ ಆಹ್ವಾನ ಕೊಡುವ ರೂಢಿಯಿದೆ. ಮುಖಪುಟಕ್ಕೆ ಬರಬೇಕಾದ ಸುದ್ದಿ ನನ್ನ ಪ್ರಕಾರ ಇದು. ಬೀದಿಗಳಲ್ಲಿ ತಿರುಗುವಾಗ ಒಂದು ಮಾತು: ಇವು ಜನ ಬಾಳುವ ಮನೆಗಳು. ಬಾಗಿಲಿಗೆ ಕ್ಯಾಮೆರಾ ಹಿಡಿಯುವ ಮೊದಲು ಕೇಳಿ. ಕೇಳಿದವರಿಗೆ ಇಲ್ಲ ಎಂದವರನ್ನು ನಾನು ಕಂಡಿಲ್ಲ, ಒಳಗೆ ಕರೆದು ಚಹಾ ಕೊಟ್ಟವರನ್ನು ಕಂಡಿದ್ದೇನೆ.

ಮಧ್ಯಾಹ್ನದ ಮೇಲೆ ಆಯ್ಕೆ ಮಾಡಿಕೊಳ್ಳಬೇಕು. ಕನ್ನಡದ ಮೇಲೆ ಪ್ರೀತಿಯಿದ್ದವರು ಹಾಡುವಳ್ಳಿಗೆ ಹೋಗಬೇಕು ಎಂದು ನನ್ನ ಆಸೆ. ಘಟ್ಟದ ಬುಡದಲ್ಲಿ, ಸುಮಾರು 20 ಕಿಲೋಮೀಟರ್ ಒಳಗೆ, ಅಡಿಕೆ ತೋಟಗಳ ನಡುವಿನ ಹಳ್ಳಿ. ಒಂದು ಕಾಲಕ್ಕೆ ಸಂಗೀತಪುರ ಎಂಬ ಹೆಸರಿನ ರಾಜಧಾನಿ. ಇಲ್ಲಿನ ಜೈನ ಮಠದ ಪರಂಪರೆಯವನು ಭಟ್ಟಾಕಳಂಕ. 1604ರಲ್ಲಿ ಅವನು ಮುಗಿಸಿದ ‘ಕರ್ನಾಟಕ ಶಬ್ದಾನುಶಾಸನ’ 592 ಸೂತ್ರಗಳಲ್ಲಿ ಕನ್ನಡಕ್ಕೆ ವ್ಯಾಕರಣ ಬರೆಯಿತು. ಬರೆದದ್ದು ಸಂಸ್ಕೃತದಲ್ಲಿ, ಅಂದರೆ ಸಂಸ್ಕೃತ ಪಂಡಿತರ ಎದುರೇ ಕನ್ನಡವೂ ಶಾಸ್ತ್ರಕ್ಕೆ ತಕ್ಕ ಭಾಷೆ ಎಂದು ನಿಲ್ಲಿಸಿ ತೋರಿಸಿದ. ಭಟ್ಕಳದ ಹೆಸರು ಅವನಿಂದಲೇ ಬಂತು ಎನ್ನುವವರಿದ್ದಾರೆ. ಆದರೆ ಅವನ ಗ್ರಂಥಕ್ಕೆ ನೂರು ವರ್ಷ ಮೊದಲೇ ಪೋರ್ಚುಗೀಸರು ಊರನ್ನು ಬಟಿಕಲ ಎಂದು ಬರೆದಿದ್ದರಲ್ಲ, ಹಾಗಾಗಿ ನಾನು ಅದನ್ನು ನಂಬಲಾರೆ. ಹಾಡುವಳ್ಳಿಗೆ ಹೋಗುವ ಬಸ್ಸು ಕಡಿಮೆ, ಮರಳುವ ಹೊತ್ತನ್ನು ಮೊದಲೇ ಕೇಳಿಕೊಂಡು ಹೊರಡಿ.

ಮಕ್ಕಳು, ವಯಸ್ಸಾದವರು ಜೊತೆಗಿದ್ದರೆ ಹಾಡುವಳ್ಳಿ ಬಿಟ್ಟು ನೇರ ಬಂದರಕ್ಕೆ ಹೋಗಿ. ಗುಡ್ಡದ ಮೇಲೆ ದೀಪಸ್ತಂಭ, ಕೆಳಗೆ ಮೀನುಗಾರಿಕೆ ದೋಣಿಗಳು. ಸೂರ್ಯ ಮುಳುಗುವುದನ್ನು ನೋಡಲು ಜಾಲಿ ಕಡಲತೀರ ಒಳ್ಳೆಯದು. ಹೊರಡುವ ಮೊದಲು ಪೇಟೆಯಲ್ಲಿ ಎರಡು ಮೊಳ ಭಟ್ಕಳ ಮಲ್ಲಿಗೆ ಕೊಳ್ಳಿ, ಬಾಳೆಎಲೆಯಲ್ಲಿ ಸುತ್ತಿ ಕೊಡಲು ಹೇಳಿ. ಮುರುಡೇಶ್ವರ ಹದಿನೈದು ಕಿಲೋಮೀಟರ್ ಆಸುಪಾಸು. ರಾತ್ರಿ ಅಲ್ಲಿ ಉಳಿದು ಬೆಳಗ್ಗೆ ದರ್ಶನ ಮಾಡಬಹುದು, ದಾರಿಯಲ್ಲಿ ಶಿರಾಲಿಯ ಚಿತ್ರಾಪುರ ಮಠವೂ ಸಿಗುತ್ತದೆ.

ನವೆಂಬರಿನಿಂದ ಫೆಬ್ರವರಿ ಎಂದು ಬರೆದೆ. ನಾನು ಮಾತ್ರ ಒಂದು ಸಲ ಆಷಾಢದಲ್ಲಿ ಹೋದೆ. ಮೀನುಗಾರಿಕೆ ನಿಷೇಧದ ದಿನಗಳು, ದೋಣಿಗಳೆಲ್ಲ ದಡಕ್ಕೆ ಬಿದ್ದಿದ್ದವು, ಚಿರೆಕಲ್ಲಿನ ಮೇಲೆ ಪಾಚಿ ಕಟ್ಟಿ ಹೆಜ್ಜೆ ಹೆಜ್ಜೆಗೂ ಜಾರುತ್ತಿತ್ತು. ಖೇತಪೈ ದೇವಸ್ಥಾನ ಸೇರುವಷ್ಟರಲ್ಲಿ ಕೊಡೆ ಲೆಕ್ಕಕ್ಕಿರಲಿಲ್ಲ. ಮಾಡಿನ ಹಲಗೆಗಲ್ಲುಗಳಿಂದ ನೀರು ಪರದೆಯಂತೆ ಇಳಿಯುತ್ತಿತ್ತು, ಜಾಲಂಧ್ರದ ಆಚೆ ಅಂಗಳ ಕಾಣುತ್ತಲೇ ಇರಲಿಲ್ಲ. ಮೊದಲೇ ಬಂದು ಕೂತಿದ್ದ ಹಿರಿಯರೊಬ್ಬರು ಸರಿದು ಜಾಗ ಮಾಡಿದರು.

“ಒಳಗೇ ಕೂತ್ಕಳಿ. ಇದು ಈಗ ನಿಲ್ಲೂ ಮಳೆ ಅಲ್ಲ.”

ಕೂತೆ. ಕೈಯಿಟ್ಟು ನೋಡಿದೆ, ನೆಲ ಒಣಗಿತ್ತು.