ಕೊಟ್ಟಿಗೆಯ ಕಾರು: ಉಳಿಸುವುದೊ, ಗುಜರಿಗೆ ಹಾಕುವುದೊ?

ದೊಡ್ಡಬಳ್ಳಾಪುರದ ಸೀಮೆಯಲ್ಲಿ ಒಂದು ಹಳೆಯ ತೋಟದ ಮನೆ. ಮನೆಯ ಹಿಂದೆ ಹುಣಿಸೆಯ ಮರ. ಮರದ ಕೆಳಗೆ ಹೆಂಚಿನ ಕೊಟ್ಟಿಗೆ. ಕೊಟ್ಟಿಗೆಯೊಳಗೆ, ಹುಲ್ಲಿನ ಹೊರೆ ಮತ್ತು ಮುರಿದ ಮಗ್ಗದ ಚೌಕಟ್ಟುಗಳ ನಡುವೆ, ನಾಲ್ಕು ಚಕ್ರಗಳ ಗಾಳಿಯೂ ಇಳಿದು ಕುಳಿತಿರುವ ಒಂದು ಫಿಯಟ್ 1100 ಕಾರು ಎಂದು ಇಟ್ಟುಕೊಳ್ಳೋಣ. ಮಗ್ಗದ ವ್ಯಾಪಾರ ಚೆನ್ನಾಗಿ ನಡೆಯುತ್ತಿದ್ದ ಕಾಲದಲ್ಲಿ ತಾತನವರು ಕೊಂಡದ್ದು. ಅವರು ತೀರಿಕೊಂಡ ಮೇಲೆ ಅದನ್ನು ಯಾರೂ ಹೊರಗೆ ತೆಗೆಯಲಿಲ್ಲ. 2008ರಲ್ಲಿ ದೇವನಹಳ್ಳಿಯಲ್ಲಿ ವಿಮಾನ ನಿಲ್ದಾಣ ತೆರೆದಂದಿನಿಂದ ಸುತ್ತಲಿನ ನೆಲಕ್ಕೆ ಬೆಲೆ ಏರಿ, ಇಂಥ ತೋಟಗಳು ಒಂದೊಂದಾಗಿ ನಿವೇಶನಗಳಾಗುತ್ತಿವೆ. ಈ ತೋಟವೂ ಮಾರಾಟವಾಯಿತು. ತಿಂಗಳೊಳಗೆ ಕೊಟ್ಟಿಗೆ ಖಾಲಿಯಾಗಬೇಕು. ಗುಜರಿಯವನು ಬಂದು ತೂಕದ ಲೆಕ್ಕದಲ್ಲಿ ಬೆಲೆ ಹೇಳಿ ಹೋಗಿದ್ದಾನೆ. ಕಾಲೇಜಿನಲ್ಲಿ ಓದುವ ಮೊಮ್ಮಗ, "ಕೊಡಬೇಡಿ ಅಪ್ಪಾ, ನಾನು ಇದನ್ನು ಮತ್ತೆ ಓಡಿಸುತ್ತೇನೆ" ಎನ್ನುತ್ತಾನೆ. ತಂದೆ, "ಇದರ ರಿಪೇರಿಗೆ ಸುರಿಯುವ ದುಡ್ಡಿಗೆ ಹೊಸ ಕಾರೇ ಬರುತ್ತದಪ್ಪ" ಎನ್ನುತ್ತಾರೆ.

ಇಬ್ಬರಲ್ಲಿ ಯಾರ ಮಾತು ಸರಿ? ಇದನ್ನು ವಾತ್ಸಲ್ಯದಿಂದ ತೀರ್ಮಾನಿಸುವುದು ಎಷ್ಟು ತಪ್ಪೊ, ಗುಜರಿಯ ತಕ್ಕಡಿಯಿಂದ ತೀರ್ಮಾನಿಸುವುದೂ ಅಷ್ಟೇ ತಪ್ಪು. ಒಂದು ಅಯಸ್ಕಾಂತ, ಒಂದು ಸ್ಕ್ರೂಡ್ರೈವರು, ಒಂದು ಜಾಕು ಮತ್ತು ಶಾಲೆಯಲ್ಲಿ ಕಲಿತ ರಸಾಯನಶಾಸ್ತ್ರ, ಇಷ್ಟಿದ್ದರೆ ಒಂದು ಮಧ್ಯಾಹ್ನದಲ್ಲಿ ಬಹುಮಟ್ಟಿಗೆ ಉತ್ತರ ದೊರೆಯುವುದು.

ಅದಕ್ಕೆ ಮೊದಲು ಒಂದು ಮಾತು. ಭಾರತದಲ್ಲಿಯೇ ಮೋಟಾರು ಕಾರು ತಯಾರಾಗಬೇಕೆಂದು 1930ರ ದಶಕದಲ್ಲಿ ಯೋಜನೆಗಳನ್ನು ಸಿದ್ಧಪಡಿಸಿ, ಹಲವು ಬಾಗಿಲುಗಳನ್ನು ತಟ್ಟಿದವರು ಸರ್ ಎಂ. ವಿಶ್ವೇಶ್ವರಯ್ಯನವರು. ಅವರು ಹುಟ್ಟಿದ ಮುದ್ದೇನಹಳ್ಳಿ ನಮ್ಮ ಈ ಕೊಟ್ಟಿಗೆಗೆ ದೂರವೇನೂ ಅಲ್ಲ. ಮೈಸೂರು ಸಂಸ್ಥಾನದಲ್ಲಿ ಆ ಯೋಜನೆ ಕೈಗೂಡಲಿಲ್ಲ. ಆ ಯತ್ನದಲ್ಲಿ ಜೊತೆಗಿದ್ದ ವಾಲ್‌ಚಂದ್ ಹೀರಾಚಂದರು 1944ರಲ್ಲಿ ಮುಂಬಯಿಯಲ್ಲಿ ಪ್ರೀಮಿಯರ್ ಆಟೊಮೊಬೈಲ್ಸ್ ಸಂಸ್ಥೆಯನ್ನು ಸ್ಥಾಪಿಸಿದರು. ಕೊಟ್ಟಿಗೆಯ ಫಿಯಟ್ ಆ ಕಾರ್ಖಾನೆಯ ಕೂಸು.

ಹಳೆಯ ಕಾರನ್ನು ಕಂಡೊಡನೆ ಎಲ್ಲರೂ ಕೇಳುವ ಮೊದಲ ಪ್ರಶ್ನೆ, "ಎಂಜಿನ್ ಸ್ಟಾರ್ಟ್ ಆಗುತ್ತದೆಯೆ?" ಎಂಬುದು. ಅದು ಕೊನೆಯಲ್ಲಿ ಕೇಳಬೇಕಾದ ಪ್ರಶ್ನೆ. ಎಂಜಿನನ್ನು ಬಿಚ್ಚಿ ಕಟ್ಟಬಹುದು, ಬೇರೆಯದನ್ನು ತರಬಹುದು. ಕಾರಿನ ಆಯುಷ್ಯ ನಿಂತಿರುವುದು ಅದರ ಉಕ್ಕಿನ ಒಡಲಿನಲ್ಲಿ. ಆ ಒಡಲಿನ ಶತ್ರು ತುಕ್ಕು.

ತುಕ್ಕು ಎಂದರೆ ಕಬ್ಬಿಣಕ್ಕೆ ಗಾಳಿ ತಾಗಿ ಬರುವ ಕೆಂಪು ಪುಡಿ ಎಂದಷ್ಟೆ ತಿಳಿದರೆ ಸಾಲದು. ಅದೊಂದು ವಿದ್ಯುತ್ಕೋಶದ ಕೆಲಸ. ಒದ್ದೆಯಾದ ಕಬ್ಬಿಣದ ಒಂದೆಡೆ ಪರಮಾಣುಗಳು ತಮ್ಮ ಎಲೆಕ್ಟ್ರಾನುಗಳನ್ನು ಬಿಟ್ಟುಕೊಟ್ಟು ನೀರಿನಲ್ಲಿ ಕರಗುವುವು. ಆ ಎಲೆಕ್ಟ್ರಾನುಗಳು ಲೋಹದೊಳಗೇ ಹರಿದು ಇನ್ನೊಂದೆಡೆಗೆ ಹೋಗಿ, ಅಲ್ಲಿ ಆಮ್ಲಜನಕ ಮತ್ತು ನೀರಿನೊಡನೆ ಸೇರುವುವು. ಇದರಲ್ಲಿ ಒಂದು ಸೋಜಿಗವಿದೆ. ಆಮ್ಲಜನಕ ಹೆಚ್ಚಾಗಿ ಸಿಕ್ಕುವ ಬಯಲು ಭಾಗ ಉಳಿದುಕೊಳ್ಳುವುದು. ಆಮ್ಲಜನಕ ಕಡಿಮೆಯಿರುವ ಭಾಗ, ಎಂದರೆ ಕೆಸರು ಮೆತ್ತಿಕೊಂಡ ಮೂಲೆ, ಒಣಗಿದ ಎಲೆ ತುಂಬಿದ ಸಂದು, ನೀರು ನಿಂತ ಟೊಳ್ಳು, ಅಲ್ಲಿನ ಕಬ್ಬಿಣ ಕರಗುವುದು. ಆದುದರಿಂದಲೇ ಕಾರಿನ ನೆತ್ತಿಯ ಮೇಲೆ ಹರಡಿದ ಕೆಂಪು ತುಕ್ಕನ್ನು ಕಂಡು ಹೆದರಬೇಕಾದುದಿಲ್ಲ; ಹೆದರಬೇಕಾದುದು ಕಣ್ಣಿಗೆ ಕಾಣದ ತುಕ್ಕಿಗೆ. ತುಕ್ಕು ತಾನು ತಿಂದ ಕಬ್ಬಿಣಕ್ಕಿಂತ ಎರಡರಿಂದ ಆರು ಪಟ್ಟು ಜಾಗವನ್ನು ಬೇಡುವುದು. ಆಗ ಒಂದರ ಮೇಲೊಂದು ಬೆಸೆದ ಎರಡು ತಗಡುಗಳು ಒಳಗಿನಿಂದ ಉಬ್ಬಿ ಬಿಡಿಸಿಕೊಳ್ಳುವುವು. ಬಣ್ಣದ ಕೆಳಗೆ ಗುಳ್ಳೆ ಎದ್ದಿದೆಯೆಂದರೆ ಒಳಗೆ ಈ ಕೆಲಸ ನಡೆದಿದೆ ಎಂದೇ ತಿಳಿಯಬೇಕು.

ನೀರಿನಲ್ಲಿ ಉಪ್ಪು ಬೆರೆತರೆ ವಿದ್ಯುತ್ತು ಸುಲಭವಾಗಿ ಹರಿದು ಈ ಕ್ರಿಯೆ ಬಹು ವೇಗವಾಗುವುದು. ಇಲ್ಲಿ ನಮ್ಮ ಸೀಮೆಯ ಅದೃಷ್ಟವನ್ನು ಮೆಚ್ಚಬೇಕು. ಮಂಗಳೂರಿನಲ್ಲಿ ವರ್ಷಕ್ಕೆ ಮೂರೂವರೆ ಸಾವಿರ ಮಿಲಿಮೀಟರಿನಷ್ಟು ಮಳೆ, ಜೊತೆಗೆ ಸಮುದ್ರದ ಉಪ್ಪುಗಾಳಿ. ದೊಡ್ಡಬಳ್ಳಾಪುರ, ದೇವನಹಳ್ಳಿ, ಹೊಸಕೋಟೆ, ನೆಲಮಂಗಲಗಳು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದ ಒಣ ಪ್ರಸ್ಥಭೂಮಿಯಲ್ಲಿವೆ. ಮಳೆ ಕರಾವಳಿಯ ಕಾಲುಭಾಗದಷ್ಟು. ಕಡಲು ನೂರಾರು ಕಿಲೋಮೀಟರ್ ದೂರ. ಇಲ್ಲಿ ಇಪ್ಪತ್ತು ವರ್ಷ ನಿಂತ ಕಾರು, ಕರಾವಳಿಯಲ್ಲಿ ಐದು ವರ್ಷ ನಿಂತ ಕಾರಿಗಿಂತ ಗಟ್ಟಿಯಾಗಿದ್ದರೆ ಆಶ್ಚರ್ಯವಿಲ್ಲ. ಆದರೆ ಕೊಟ್ಟಿಗೆಯ ನೆಲವನ್ನು ನೋಡಬೇಕು. ಕಲ್ಲುಚಪ್ಪಡಿಯ ಮೇಲೆ ನಿಂತಿದ್ದರೆ ಒಳ್ಳೆಯದು. ಮಣ್ಣಿನ ನೆಲವಾಗಿದ್ದರೆ ನೆಲದ ತೇವ ಮೇಲೇರಿ ಕಾರಿನ ಹೊಟ್ಟೆಗೆ ವರ್ಷವಿಡೀ ತಾಗಿರುವುದು. ದನಗಳನ್ನು ಅದೇ ಕೊಟ್ಟಿಗೆಯಲ್ಲಿ ಕಟ್ಟುತ್ತಿದ್ದರೆ ಇನ್ನೂ ಕೆಟ್ಟದ್ದು. ಗಂಜಲದ ಲವಣಗಳು ಕಡಲಿನ ಕೆಲಸವನ್ನು ಇಲ್ಲಿಯೇ ಮಾಡುವುವು.

ಇನ್ನು ಒಡಲಿನ ರಚನೆ. ಜೀಪಿನಲ್ಲಿ, ಹಾಗೆಯೇ 1961ರಿಂದ ಮದರಾಸಿನಲ್ಲಿ ತಯಾರಾದ ಸ್ಟ್ಯಾಂಡರ್ಡ್ ಹೆರಾಲ್ಡ್ ಕಾರಿನಲ್ಲಿ, ಕೆಳಗೆ ಚಾಸಿಸ್ ಎಂಬ ಉಕ್ಕಿನ ಪ್ರತ್ಯೇಕ ಚೌಕಟ್ಟು; ಅದರ ಮೇಲೆ ಬೋಲ್ಟು ಹಾಕಿ ಕೂರಿಸಿದ ಒಡಲು. ಫಿಯಟ್ ಮತ್ತು ಅಂಬಾಸಡರ್ ಕಾರುಗಳಲ್ಲಿ ಹಾಗಲ್ಲ. ಅಲ್ಲಿ ತಗಡುಗಳನ್ನೇ ಪೆಟ್ಟಿಗೆಯಂತೆ ಬೆಸೆದು, ಒಡಲೇ ಚೌಕಟ್ಟಾಗುವಂತೆ ಮಾಡಿದ್ದಾರೆ. ಭಾರವನ್ನು ಹೊರುವುದು ಬಾಗಿಲುಗಳ ಕೆಳಗೆ ಉದ್ದಕ್ಕೂ ಹೋಗುವ ಟೊಳ್ಳು ತೊಲೆಗಳು. ಮೊಟ್ಟೆಯ ಚಿಪ್ಪಿನಂತೆ ಇದು ಹಗುರ ಮತ್ತು ಬಲ. ಆದರೆ ತೊಲೆ ಹೋದರೆ ಕಾರೇ ಹೋದಂತೆ. ಬೆಂಗಳೂರಿನಲ್ಲಿಯೇ 1982ರಿಂದ ತಯಾರಾದ ಸಿಪಾನಿ ಡಾಲ್ಫಿನ್ ಎಂಬ ಪುಟ್ಟ ಕಾರಿನ ಒಡಲು ಗಾಜಿನ ಎಳೆಯ ಪ್ಲಾಸ್ಟಿಕ್ಕಿನದು. ಅದಕ್ಕೆ ತುಕ್ಕು ಹಿಡಿಯುವ ಪ್ರಶ್ನೆಯೇ ಇಲ್ಲ. ಅದನ್ನು ಕಂಡವರು "ಇನ್ನೂ ಹೊಸದರ ಹಾಗಿದೆ" ಎಂದು ಮೋಸಹೋಗುವುದುಂಟು. ಪ್ಲಾಸ್ಟಿಕ್ಕಿನ ಕೆಳಗಿರುವ ಚಾಸಿಸ್ ಉಕ್ಕಿನದೇ ತಾನೆ! ಅಲ್ಲಿ ಬಗ್ಗಿ ನೋಡದೆ ಏನನ್ನೂ ಹೇಳಲಾಗದು.

ಈಗ ಪರೀಕ್ಷೆ. ಅಯಸ್ಕಾಂತವನ್ನು ತೆಳುವಾದ ಬಟ್ಟೆಯಲ್ಲಿ ಸುತ್ತಿ ಬಾಗಿಲುಗಳ ಕೆಳಭಾಗ ಮತ್ತು ಚಕ್ರಗಳ ಕಮಾನುಗಳ ಮೇಲೆ ಆಡಿಸಿರಿ. ಎಲ್ಲಿ ಅದು ಹಿಡಿಯದೆ ಜಾರುವುದೊ ಅಲ್ಲಿ ಉಕ್ಕು ಹೋಗಿದೆ. ಹಿಂದೆ ಯಾರೊ ಟಿಂಕರ್ ಪುಟ್ಟಿ ತುಂಬಿ ಬಣ್ಣ ಬಳಿದಿದ್ದಾನೆ. ಬಳಿಕ ಸ್ಕ್ರೂಡ್ರೈವರಿನಿಂದ ತೊಲೆಯನ್ನೂ, ಹಿಂದಿನ ಸ್ಪ್ರಿಂಗ್ ಪಟ್ಟಿಗಳು ಒಡಲಿಗೆ ಸೇರುವ ಜಾಗವನ್ನೂ ಒತ್ತಿ ನೋಡಿರಿ. ಟಣ್ ಎಂದರೆ ಬದುಕಿದೆ. ಹಪ್ಪಳದಂತೆ ಒಳಗೆ ಹೋದರೆ ಇಲ್ಲ. ಕೊನೆಯದಾಗಿ, ಬಾಗಿಲನ್ನು ತೆರೆದು ಮುಚ್ಚಿ ಅದು ಹೇಗೆ ಕೂಡುವುದೆಂದು ನೋಡಿಕೊಂಡು, ತೊಲೆಯ ಪಕ್ಕದಲ್ಲಿ ಜಾಕು ಕೊಟ್ಟು ಸ್ವಲ್ಪ ಎತ್ತಿ, ಮತ್ತೆ ಬಾಗಿಲನ್ನು ಮುಚ್ಚಿ ನೋಡಿರಿ. ಈಗ ಬಾಗಿಲು ಕೂಡದಿದ್ದರೆ ಒಡಲು ನಡುವೆ ಬಾಗುತ್ತಿದೆ ಎಂದು ಅರ್ಥ. ಬರಿಯ ಜಾಕನ್ನು ನಂಬಿ ಕಾರಿನ ಕೆಳಗೆ ಮಾತ್ರ ಯಾರೂ ನುಸುಳಬಾರದು. ಇದರಿಂದ ಪ್ರಾಣ ಹೋಗಿರುವುದುಂಟು.

ನೆಲದ ತಗಡಿನಲ್ಲಿ ತೂತು ಬಿದ್ದಿದ್ದರೆ ಚಿಂತೆಯಿಲ್ಲ. ಕತ್ತರಿಸಿ ಹೊಸ ತಗಡನ್ನು ಬೆಸೆಯಬಹುದು. ಎರಡೂ ತೊಲೆಗಳು, ಸ್ಪ್ರಿಂಗಿನ ನೆಲೆಗಳು, ಬಾಗಿಲ ಕಂಬಗಳ ಬುಡ, ಈ ಮೂರೂ ಹೋಗಿದ್ದರೆ ನಾನಾದರೊ ಆ ಕಾರನ್ನು ಓಡಿಸುವ ಆಸೆಯನ್ನು ಬಿಡುವೆನು. ಅದರ ಗಾಜು, ದೀಪ, ಗೇರುಪೆಟ್ಟಿಗೆಗಳಿಂದ ಬೇರೆ ಎರಡು ಕಾರುಗಳು ಬದುಕಬಹುದು, ಅದು ನಷ್ಟವಲ್ಲ.

ಒಡಲು ಪಾಸಾಯಿತೆನ್ನಿ. ಆಗ ಹುಡುಗರಿಗೆ ಆತುರ: ಟ್ರ್ಯಾಕ್ಟರಿಗೆ ಹಗ್ಗ ಕಟ್ಟಿ, ಗೇರಿಗೆ ಹಾಕಿ ಎಳೆಸಿದರೆ ಎಂಜಿನ್ ಹೊತ್ತಿಕೊಳ್ಳಬಹುದಲ್ಲ! ಹಳ್ಳಿಗಳಲ್ಲಿ ಎಷ್ಟೋ ಒಳ್ಳೆಯ ಎಂಜಿನ್ನುಗಳು ಸತ್ತಿರುವುದು ಹೀಗೆಯೇ. ಫಿಯಟ್ಟಿನ 1089 ಘನ ಸೆಂಟಿಮೀಟರಿನ ಎಂಜಿನ್ನಿನಲ್ಲಿ ನಾಲ್ಕು ಸಿಲಿಂಡರುಗಳು. ಕಾರು ನಿಂತಾಗ ಯಾವುದೊ ಒಂದರ ವಾಲ್ವು ತೆರೆದೇ ಇರುವುದು. ಅಲ್ಲಿಂದ ತೇವ ಒಳಗಿಳಿದು, ಪಿಸ್ಟನ್ನಿನ ಬಳೆಗಳನ್ನು ಸಿಲಿಂಡರಿನ ಗೋಡೆಗೆ ತುಕ್ಕಿನಿಂದ ಅಂಟಿಸಿಬಿಡುವುದು. ಟ್ರ್ಯಾಕ್ಟರಿನ ಬಲದಿಂದ ಅದನ್ನು ಕಿತ್ತರೆ ಬಳೆಗಳು ಮುರಿಯುವುವು, ಗೋಡೆ ಗೀರುಬೀಳುವುದು, ಅಂಟಿಕೊಂಡ ವಾಲ್ವನ್ನು ಒತ್ತುವ ಕಡ್ಡಿಗಳು ಬಾಗುವುವು. ಸರಿಯಾದ ದಾರಿ ತಾಳ್ಮೆಯದು. ಸ್ಪಾರ್ಕ್ ಪ್ಲಗ್ಗುಗಳನ್ನು ತೆಗೆದು ಒಂದೊಂದು ರಂಧ್ರಕ್ಕೂ ತೆಳುವಾದ ಎಣ್ಣೆಯನ್ನು ಬಿಟ್ಟು, ಒಂದು ವಾರ ಸುಮ್ಮನಿರಬೇಕು. ಬಳಿಕ ಮುಂದಿನ ಪುಲ್ಲಿಯ ನಟ್ಟಿಗೆ ಸ್ಪ್ಯಾನರ್ ಹಾಕಿ ಕೈಯಿಂದ ಮಾತ್ರ, ಹಿಂದಕ್ಕೆ ಮುಂದಕ್ಕೆ ಕೂದಲೆಳೆಯಷ್ಟು ಅಲುಗಿಸಬೇಕು. ತಿರುಗಿತೆ? ಭಾಗ್ಯ. ತಿರುಗದಿದ್ದರೆ ಎಂಜಿನನ್ನು ಬಿಚ್ಚಬೇಕು, ಅಷ್ಟೆ. ಬಿಚ್ಚಿದಾಗ ಅಲ್ಯೂಮಿನಿಯಮ್ಮಿನ ಹೆಡ್ಡನ್ನು ನೋಡಿರಿ. ಅಲ್ಯೂಮಿನಿಯಮ್ ಮತ್ತು ಕಬ್ಬಿಣ ಒಂದೇ ಹಳೆಯ ನೀರಿನಲ್ಲಿ ನೆನೆದರೆ ಮತ್ತೆ ಅದೇ ವಿದ್ಯುತ್ಕೋಶ! ಈ ಸಲ ಕರಗುವುದು ಅಲ್ಯೂಮಿನಿಯಮ್.

ಬ್ರೇಕು, ಟೈರು, ವೈರುಗಳ ವಿಷಯದಲ್ಲಿ ಚರ್ಚೆಯೇ ಬೇಡ. ಎಲ್ಲವನ್ನೂ ಹೊಸದಾಗಿ ಹಾಕಿಸಬೇಕು. ಬ್ರೇಕಿನ ದ್ರವ ಗಾಳಿಯ ತೇವವನ್ನು ಹೀರಿ ಸಿಲಿಂಡರುಗಳನ್ನು ಒಳಗಿನಿಂದ ತಿಂದಿರುವುದು. ವೈರುಗಳನ್ನು ಇಲಿಗಳು ಮುಗಿಸಿರುವುವು. ಪೆಟ್ರೋಲಿನ ಮಾತು ಬೇರೆ. ಈಗ ಬಂಕುಗಳಲ್ಲಿ ಸಿಕ್ಕುವ ಪೆಟ್ರೋಲಿನಲ್ಲಿ ನೂರಕ್ಕೆ 20ರಷ್ಟು ಎಥನಾಲ್ ಬೆರೆತಿರುತ್ತದೆ. ಅದು ಹಳೆಯ ರಬ್ಬರು ಕೊಳವೆಗಳನ್ನು ಮೆತ್ತಗಾಗಿಸುವುದು, ತೇವವನ್ನು ಹೀರುವುದು, ಟ್ಯಾಂಕಿನ ಹಳೆಯ ಅಂಟನ್ನು ಕರಗಿಸಿ ಕಾರ್ಬ್ಯುರೇಟರಿಗೆ ತಂದು ತುಂಬುವುದು. ಆದುದರಿಂದ ಎಥನಾಲನ್ನು ತಾಳುವ ಕೊಳವೆಗಳು ಬೇಕು, ಟ್ಯಾಂಕು ಶುದ್ಧವಾಗಬೇಕು. ಸೀಸ ಬೆರೆತ ಪೆಟ್ರೋಲು ದೇಶದಲ್ಲಿ 2000ದಲ್ಲಿ ನಿಂತುಹೋಯಿತು. ಸೀಸವು ವಾಲ್ವಿನ ಪೀಠಗಳಿಗೆ ಮೆತ್ತೆಯಂತಿತ್ತು; ಅಂಬಾಸಡರಿನ ಹಳೆಯ ಬೀಡುಕಬ್ಬಿಣದ ಹೆಡ್ಡಿನಲ್ಲಿ ಗಟ್ಟಿಯಾದ ಪೀಠಗಳನ್ನು ಕೂರಿಸಿದರೆ ಲೇಸು.

ಬಿಡಿಭಾಗಗಳ ವಿಷಯದಲ್ಲಿ ಫಿಯಟ್ ಪುಣ್ಯವಂತ ಕಾರು. ಅದರ ಮುಂದಿನ ಅವತಾರವಾದ ಪದ್ಮಿನಿ 2000ದ ಸುಮಾರಿನವರೆಗೂ ತಯಾರಾಗುತ್ತಿತ್ತು; ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ಅಲೆದರೆ ಎಂಜಿನ್ನಿನ ಸಾಮಾನು ಇನ್ನೂ ಸಿಕ್ಕೀತು. ಸಿಕ್ಕದೆ ಸತಾಯಿಸುವುವು ಆಯಾ ವರ್ಷದ ಹೊಳಪಿನ ಪಟ್ಟಿ, ದೀಪದ ಬಳೆ, ಹಿಡಿ, ಲಾಂಛನ, ಹಿಂದಿನ ಗಾಜು. ಎಂಜಿನ್ ಇಲ್ಲದ, ಆದರೆ ಈ ಚಿಲ್ಲರೆಗಳೆಲ್ಲ ಇರುವ ಕಾರೇ ಮೇಲು ಎಂದು ನನ್ನ ಅಭಿಪ್ರಾಯ. ಆದುದರಿಂದ ಕೊಟ್ಟಿಗೆಯನ್ನು ಗುಡಿಸುವಾಗ ಕಸದಲ್ಲಿ ಬಿದ್ದ ಒಂದು ತಿರುಪನ್ನೂ ಎಸೆಯಬಾರದು.

ಕೊನೆಗೆ ಕಾಗದಪತ್ರ. 2021ರಲ್ಲಿ ಕೇಂದ್ರ ಸರ್ಕಾರ ಮಾಡಿದ ನಿಯಮದಂತೆ, ಮೊದಲ ನೋಂದಣಿಯಾಗಿ 50 ವರ್ಷ ದಾಟಿದ, ಮೂಲರೂಪದಲ್ಲಿಯೇ ಉಳಿದಿರುವ ವಾಹನವನ್ನು 'ವಿಂಟೇಜ್' ಎಂದು ನೋಂದಾಯಿಸಬಹುದು. ಹೊಸ ನೋಂದಣಿಯ ಶುಲ್ಕ 20,000 ರೂಪಾಯಿ ಎಂದೂ, ಅವಧಿ ಹತ್ತು ವರ್ಷವೆಂದೂ, ನವೀಕರಣಕ್ಕೆ 5,000 ರೂಪಾಯಿ ಎಂದೂ ಆಗ ನಿಗದಿಯಾಯಿತು. ಇಂಥ ಕಾರನ್ನು ಪ್ರದರ್ಶನ, ರ್ಯಾಲಿ, ಸಂಶೋಧನೆ, ಇಂಧನ ಮತ್ತು ದುರಸ್ತಿಗಾಗಿ ರಸ್ತೆಗೆ ತರಬಹುದೇ ಹೊರತು ದಿನನಿತ್ಯದ ಓಡಾಟಕ್ಕಲ್ಲ. ಚಾಸಿಸ್, ಒಡಲು, ಎಂಜಿನ್ನುಗಳನ್ನು ಗಣನೀಯವಾಗಿ ಮಾರ್ಪಡಿಸಿದರೆ ಈ ಮನ್ನಣೆ ಇಲ್ಲ. "ಹಳೆಯ ಎಂಜಿನ್ ಏಕೆ, ಒಂದು ಡೀಸೆಲ್ ಕೂರಿಸೋಣ" ಎನ್ನುವ ಮೇಸ್ತ್ರಿಯ ಸಲಹೆಗೆ ತಲೆದೂಗುವ ಮುನ್ನ ಇದನ್ನು ನೆನೆಯಬೇಕು. ತಾತನವರ ಟ್ರಂಕಿನಲ್ಲಿ 'ಮೈ' ಅಕ್ಷರಗಳಿಂದ ತೊಡಗುವ ಮೈಸೂರು ರಾಜ್ಯದ ನೋಂದಣಿ ಪುಸ್ತಕ ಸಿಕ್ಕಿ, ಅದರಲ್ಲಿನ ಚಾಸಿಸ್ ಸಂಖ್ಯೆಯೂ ಕಾರಿನ ಮೇಲೆ ಅಚ್ಚಾಗಿರುವ ಸಂಖ್ಯೆಯೂ ಒಂದೇ ಆಗಿದ್ದರೆ, ಅರ್ಧ ಕೆಲಸ ಆದಂತೆಯೇ. ಪುಸ್ತಕವೂ ಇಲ್ಲ, ಸಂಖ್ಯೆಯೂ ತುಕ್ಕಿನಲ್ಲಿ ಅಳಿಸಿದೆ ಎಂದಾದರೆ, ಒಡಲು ಎಷ್ಟು ಗಟ್ಟಿಯಾಗಿದ್ದರೂ ಆ ಕಾರು ಅಂಗಳ ದಾಟುವುದು ಕಷ್ಟ.

ಒಡಲು ಗಟ್ಟಿ, ಕಾಗದ ಸರಿ, ಕೈಯಲ್ಲಿ ಮಾತ್ರ ಹಣವಿಲ್ಲ. ನಮ್ಮ ಹುಡುಗನ ಸ್ಥಿತಿ ಬಹುಶಃ ಇದೇ. ಆಗ ಈಗಲೇ ತೀರಿಸಲೇಬೇಕೆಂಬ ಹಟವೇಕೆ? ತುಕ್ಕನ್ನು ನಿಲ್ಲಿಸಿ ಕಾಯಬಹುದು. ಕೆಸರನ್ನೂ ಎಲೆಯನ್ನೂ ತೆಗೆದು, ಟೊಳ್ಳುಗಳೊಳಗೆ ಎಣ್ಣೆ ಸಿಂಪಡಿಸಿ, ಚಕ್ರಗಳು ನೆಲಕ್ಕೆ ತಾಗದಂತೆ ಗಟ್ಟಿಯಾದ ಸ್ಟ್ಯಾಂಡುಗಳ ಮೇಲೆ ನಿಲ್ಲಿಸಿ, ಬಂಧುಗಳ ಮನೆಯ ಸಿಮೆಂಟು ನೆಲದ ಮೇಲೆ ಒಂದು ಮೂಲೆಯನ್ನು ಕೇಳಿಕೊಂಡರೆ, ಕಾರು ಇನ್ನೂ ಹತ್ತು ವರ್ಷ ಹಾಗೆಯೇ ಇರುವುದು. ಪ್ಲಾಸ್ಟಿಕ್ ಟಾರ್ಪಾಲನ್ನು ಮಾತ್ರ ಹೊದಿಸಬಾರದು. ಹಗಲಿನ ಆವಿ ರಾತ್ರಿ ಅದರ ಒಳಮೈಯಲ್ಲಿ ಹನಿಗಟ್ಟಿ ಕಾರಿನ ಮೇಲೆಯೇ ತೊಟ್ಟಿಕ್ಕುವುದು. ಹಳೆಯ ಹತ್ತಿಯ ಜಮಖಾನ ಸಾಕು, ಗಾಳಿಯಾಡುವಂತಿರಲಿ.