25 ಅಂಕ ಕೆರೆ ಏರಿ ಮೇಲಿದೆ!

ಮೈಸೂರು: ಬಿ.ಎ. ಇರಲಿ, ಬಿ.ಕಾಂ. ಇರಲಿ, ಬಿ.ಎಸ್ಸಿ. ಇರಲಿ, ಡಿಗ್ರಿಗೆ ಸೇರಿದ ಹುಡುಗ ಹುಡುಗಿಯರಿಗೆ ತಪ್ಪದ ಪಾಠ ಒಂದಿದೆ. ಅದೇ ಪರಿಸರ ಅಧ್ಯಯನ. ಲೆಕ್ಕಪತ್ರ ಕಲಿತು ಅಂಗಡಿ ಗಲ್ಲಾ ಮೇಲೆ ಕೂರಬೇಕಾದ ಮಗನಿಗೆ ಕೊಳ, ಕಪ್ಪೆ, ಕಾಡಿನ ಪಾಠ ಯಾಕೆ ಸ್ವಾಮಿ ಎಂದು ಗೊಣಗುವ ಅಪ್ಪಂದಿರು ಬೇಕಾದಷ್ಟು ಮಂದಿ.

ಇದು ಯಾವುದೋ ಮೇಷ್ಟ್ರ ಹಠದಿಂದ ಬಂದದ್ದಲ್ಲ. ವಕೀಲ ಎಂ.ಸಿ. ಮೆಹ್ತಾ ಹಾಕಿದ ಅರ್ಜಿಯ ಮೇಲೆ 1991ರ ನವೆಂಬರ್ 22ರಂದು ಸುಪ್ರೀಂ ಕೋರ್ಟು ಕೊಟ್ಟ ಅಪ್ಪಣೆ. ಶಾಲೆ ಕಾಲೇಜುಗಳಲ್ಲಿ ಪರಿಸರ ಕಡ್ಡಾಯ ಪಾಠವಾಗಲಿ, ಸಿನಿಮಾ ಮಂದಿರದವರು ಪ್ರತಿ ಆಟಕ್ಕೂ ಪರಿಸರದ ಸ್ಲೈಡುಗಳನ್ನು ಬಿಟ್ಟಿ ತೋರಿಸಲಿ ಎಂದಿತ್ತು ಕೋರ್ಟು. ವಿಶ್ವವಿದ್ಯಾಲಯ ಧನಸಹಾಯ ಆಯೋಗ ಎಲ್ಲ ಡಿಗ್ರಿಗಳಿಗೂ ಒಂದೇ ಪಠ್ಯ ತಯಾರಿಸಿ ಕಳಿಸುವ ಹೊತ್ತಿಗೆ ಹತ್ತು ವರ್ಷ ದಾಟಿಹೋಗಿತ್ತು. ಸರ್ಕಾರಿ ಕೆಲಸ, ಕೇಳಬೇಕೇ?

ಆದರೂ ಪಠ್ಯ ಚೆನ್ನಾಗಿಯೇ ಬಂತು. ಒಟ್ಟು 50 ತರಗತಿ. 100 ಅಂಕ. ಅದರಲ್ಲಿ 75 ಬರೆಯುವ ಪರೀಕ್ಷೆಗೆ, ಉಳಿದ 25 ಫೀಲ್ಡ್ ವರ್ಕಿಗೆ. ಅಂದರೆ, ಹೊರಗೆ ಹೋಗಿ ನೋಡಿದ್ದಕ್ಕೆ!

ಐದು ತಾಸು ಎಲ್ಲಿ ಹೋಯ್ತು?

ಹೊರಗೆ ಹೋಗಿ ಏನು ಮಾಡಬೇಕು ಎಂದೂ ಪಠ್ಯದಲ್ಲೇ ಬರೆದಿದೆ. ಒಂದು, ಊರಿನ ನದಿ, ಕಾಡು, ಗುಡ್ಡದಂಥ ಸಂಪತ್ತನ್ನು ಕಂಡು ದಾಖಲಿಸಬೇಕು. ಎರಡು, ಊರಲ್ಲೇ ಕೆಟ್ಟುಹೋದ ಒಂದು ಜಾಗ ನೋಡಬೇಕು. ಮೂರು, ಸುತ್ತಲಿನ ಗಿಡ, ಹುಳ, ಹಕ್ಕಿಗಳ ಗುರುತು ಹಿಡಿಯಬೇಕು. ನಾಲ್ಕು, ಕೊಳವೋ ಹೊಳೆಯೋ ಹೇಗೆ ಬದುಕುತ್ತದೆ ಎಂದು ತಿಳಿಯಬೇಕು. ಇಷ್ಟಕ್ಕೂ ಕೊಟ್ಟದ್ದು ಐದು ತರಗತಿಯ ಹೊತ್ತು.

ಅಂಕಗಳ ಹಂಚಿಕೆಯನ್ನು ಆಮೇಲೆ ಒಂದೊಂದು ವಿಶ್ವವಿದ್ಯಾಲಯ ಒಂದೊಂದು ರೀತಿ ಮಾಡಿಕೊಂಡಿದೆ. ಆಯೋಗ 2023ರಲ್ಲಿ ಹೊಸ ಮಾರ್ಗಸೂಚಿಯನ್ನೂ ಹೊರಡಿಸಿತು. ಅದರಲ್ಲೂ ಫೀಲ್ಡ್ ವರ್ಕ್ ಬಿಟ್ಟಿಲ್ಲ. ಕಾಗದದ ಮೇಲೆ ಎಲ್ಲವೂ ಸರಿ.

ನಡೆಯುವುದೇನು? ಎಷ್ಟೋ ಕಡೆ ಈ ಐದು ತಾಸು ಝೆರಾಕ್ಸ್ ಅಂಗಡಿಯಲ್ಲೇ ಮುಗಿಯುತ್ತದೆ. ಹೋದ ವರ್ಷದವರ ರೆಕಾರ್ಡ್ ಈ ವರ್ಷದವರ ಕೈಗೆ. ಕೆರೆ ನೋಡದವನ ಪುಸ್ತಕದಲ್ಲಿ ಕೆರೆಯ ಬಣ್ಣದ ಚಿತ್ರ. ಕೆಂಪು ಶಾಯಿಯ ರುಜು, ಕೈಗೆ ಅಂಕ. ಎಲ್ಲರೂ ಪಾಸು, ಪರಿಸರ ಒಂದು ಬಿಟ್ಟು!

ಮೇಷ್ಟ್ರುಗಳನ್ನು ಬೈದರೆ ಅರ್ಧ ನ್ಯಾಯ ಮಾತ್ರ. ಒಂದು ಕೋಣೆ ತುಂಬ ಹುಡುಗರು, ಒಬ್ಬರೇ ಅಧ್ಯಾಪಕರು. ಅವರೂ ಎಷ್ಟೋ ಸಲ ಚರಿತ್ರೆಯವರೋ ಕಾಮರ್ಸಿನವರೋ ಆಗಿರುತ್ತಾರೆ. ಬಸ್ಸಿನ ಬಾಡಿಗೆ ಯಾರು ಕೊಡ್ತಾರೆ? ಹುಡುಗ ನೀರಿಗೆ ಜಾರಿ ಬಿದ್ದರೆ ಉತ್ತರ ಯಾರು ಹೇಳ್ತಾರೆ? ಒಳಗೇ ಕೂರಿಸಿದರೆ ಯಾವ ತಕರಾರೂ ಇಲ್ಲ.

ಬಸ್ಸು ಬೇಡ, ಕಾಲು ಸಾಕು

ಆದರೆ ಮೈಸೂರಿನವರಿಗೆ ಬಸ್ಸಿನ ನೆಪ ಹೇಳಲು ಮುಖವಿಲ್ಲ. ಕುವೆಂಪು ಹೆಸರಿಟ್ಟ ಮಾನಸಗಂಗೋತ್ರಿಯ ಮಗ್ಗುಲಲ್ಲೇ ಕುಕ್ಕರಹಳ್ಳಿ ಕೆರೆ ಇದೆ. 1864ರಲ್ಲಿ ಮುಮ್ಮಡಿ ಕೃಷ್ಣರಾಜ ಒಡೆಯರು ಊರಾಚೆಯ ಹೊಲಗದ್ದೆಗೆಂದು ಕಟ್ಟಿಸಿದ್ದು. ಈಗ ಊರೇ ಅದನ್ನು ಸುತ್ತಿಕೊಂಡಿದೆ.

ಪಠ್ಯದ ನಾಲ್ಕು ಕೆಲಸವೂ ಈ ಒಂದೇ ಏರಿ ಮೇಲೆ ಆಗುತ್ತದೆ. ಸಂಪತ್ತು ಬೇಕೆ? ಹೆಜ್ಜಾರ್ಲೆ, ನೀರುಕಾಗೆ, ಹಾವಕ್ಕಿ ಕಣ್ಣೆದುರಿಗೇ ಇವೆ. ಕೆಟ್ಟದ್ದು ನೋಡಬೇಕೆ? ಮಳೆ ನೀರು ತರುತ್ತಿದ್ದ ಪೂರ್ಣಯ್ಯ ನಾಲೆ ಒತ್ತುವರಿಗೆ ಸಿಕ್ಕಿದ್ದು, ಸುತ್ತಲಿನ ಬಡಾವಣೆಗಳ ಕೊಳಚೆ ವರ್ಷಗಟ್ಟಲೆ ಕೆರೆಗೆ ಹರಿದದ್ದು ಊರಿಗೆಲ್ಲ ಗೊತ್ತಿರುವ ಕಥೆ.

ಕೊಳಚೆ ಬಂದರೆ ಮೀನು ಯಾಕೆ ಸಾಯುತ್ತೆ ಎಂದು ಕೇಳಿ ನೋಡಿ, ಪಾಸಾದವರಲ್ಲೂ ಹಲವರು ತಲೆ ಕೆರೆದುಕೊಳ್ಳುತ್ತಾರೆ. ಉತ್ತರ ಸುಲಭ. ಕೊಳಚೆಯಲ್ಲಿ ರಂಜಕ, ಸಾರಜನಕ ಇರುತ್ತದೆ. ಅದು ಪಾಚಿಗೆ ಗೊಬ್ಬರ. ಪಾಚಿ ಹಗಲು ಆಮ್ಲಜನಕ ಕೊಡುತ್ತದೆ, ರಾತ್ರಿ ತಾನೇ ಅದನ್ನು ಉಣ್ಣುತ್ತದೆ. ಸತ್ತ ಪಾಚಿ ಕೊಳೆಯುವಾಗ ಇನ್ನಷ್ಟು ಖರ್ಚು. ಬೆಳಗಿನ ಜಾವಕ್ಕೆ ಖಜಾನೆ ಖಾಲಿ. ಆಗ ಮೀನು ಮೇಲೆ ಬಂದು ಬಾಯಿ ಬಿಡುತ್ತದೆ. ಇದನ್ನು ಬೋರ್ಡಿನ ಮೇಲೆ ಹತ್ತು ಸಲ ಬರೆಯುವುದೂ ಒಂದೇ, ಬೆಳಿಗ್ಗೆ ಆರು ಗಂಟೆಗೆ ಒಮ್ಮೆ ಕಣ್ಣಾರೆ ನೋಡುವುದೂ ಒಂದೇ.

ತಟ್ಟೆ, ಹಗ್ಗ, ನೋಟ್‌ಬುಕ್ಕು

ಸಲಕರಣೆಗೆ ದುಡ್ಡಿಲ್ಲ ಎನ್ನುವಂತೆಯೂ ಇಲ್ಲ. ಕೆರೆ ನೀರು ಎಷ್ಟು ತಿಳಿಯಾಗಿದೆ ಎಂದು ಅಳೆಯಲು ಲೋಕದ ವಿಜ್ಞಾನಿಗಳೆಲ್ಲ ಬಳಸುವುದು ಒಂದು ತಟ್ಟೆ ಮಾತ್ರ. ಇಟಲಿಯ ಆಂಜೆಲೊ ಸೆಚ್ಚಿ 1865ರಲ್ಲಿ ಸಮುದ್ರಕ್ಕೆ ಬಿಳಿ ತಟ್ಟೆ ಇಳಿಬಿಟ್ಟು ನೋಡಿದ. ಅಂದರೆ ನಮ್ಮ ಕೆರೆ ಕಟ್ಟಿದ ಮರುವರ್ಷ! ಈಗಿನ ತಟ್ಟೆ 20 ಸೆಂಟಿಮೀಟರ್ ಅಗಲ, ಕಪ್ಪು ಬಿಳುಪು ಬಣ್ಣ. ಹಗ್ಗ ಕಟ್ಟಿ ಇಳಿಸಬೇಕು, ಎಷ್ಟು ಆಳದಲ್ಲಿ ಕಾಣದಾಯಿತೋ ಬರೆದಿಡಬೇಕು. ಪಾತ್ರೆ ಅಂಗಡಿ ತಟ್ಟೆಗೆ ಬಣ್ಣ ಬಳಿದರೂ ನಡೆಯುತ್ತೆ. ಪ್ರತಿ ತಿಂಗಳು ಒಂದೇ ಜಾಗದಲ್ಲಿ ಅಳೆದರೆ ಮೂರು ವರ್ಷದ ಡಿಗ್ರಿ ಮುಗಿಯುವಾಗ 36 ಲೆಕ್ಕ ಸಿಗುತ್ತದೆ. ಕೆರೆ ಸುಧಾರಿಸಿತೋ ಕೆಟ್ಟಿತೋ ಎಂದು ಹೇಳಲು ಯಾರ ಭಾಷಣವೂ ಬೇಡ.

ಹುಡುಗರ ಲೆಕ್ಕಕ್ಕೆ ಬೆಲೆ ಇದೆಯೇ ಎಂದು ಕೇಳಬಹುದು. 1987ರಲ್ಲಿ ಶುರುವಾದ ಏಷ್ಯಾದ ನೀರುಹಕ್ಕಿ ಗಣತಿ ನಡೆಯುವುದೇ ಊರೂರಿನ ಹವ್ಯಾಸಿಗಳ ಕಣ್ಣಿನಿಂದ. ಪ್ರತಿ ಜನವರಿಯಲ್ಲಿ ಅವರು ಎಣಿಸಿದ್ದೇ ದಾಖಲೆ.

ಹೊರಗೆ ಕಲಿಯುವುದು ಹೊಸ ಫ್ಯಾಷನ್ನೂ ಅಲ್ಲ. ಬೊಂಬಾಯಿ ವಿಶ್ವವಿದ್ಯಾಲಯದ ಸಮಾಜಶಾಸ್ತ್ರ ವಿಭಾಗಕ್ಕೆ 1919ರಲ್ಲಿ ಮೊದಲ ಪ್ರೊಫೆಸರಾಗಿ ಬಂದ ಸ್ಕಾಟ್ಲೆಂಡಿನ ಪ್ಯಾಟ್ರಿಕ್ ಗೆಡ್ಡೆಸ್, ಊರನ್ನು ಸುತ್ತಿ ನೋಡದೆ ಊರಿಗೆ ಪ್ಲಾನು ಹಾಕಬಾರದು ಎಂದು ಬೀದಿ ಬೀದಿ ನಡೆದವರು.

ಅಂಗಡಿ ಮುಂದಿನ ಮೋರಿ

ಇದರಲ್ಲಿ ವ್ಯಾಪಾರಿಗಳ ಪಾಲೂ ಇದೆ. ಅಂಗಡಿ ಮುಂದಿನ ಮೋರಿ ಎಲ್ಲಿಗೆ ಹೋಗುತ್ತೆ, ಮಳೆ ಬಂದಾಗ ಎಲ್ಲಿ ಉಕ್ಕುತ್ತೆ, ಯಾವ ವರ್ಷ ಯಾವ ಕಾಲುವೆ ಮುಚ್ಚಿತು, ಇದು ಯಾವ ಪುಸ್ತಕದಲ್ಲೂ ಇಲ್ಲ. ನಲವತ್ತು ವರ್ಷ ಅದೇ ಗಲ್ಲಾ ಮೇಲೆ ಕೂತವರ ತಲೆಯಲ್ಲಿದೆ. ನೋಟ್‌ಬುಕ್ಕು ಹಿಡಿದ ಹುಡುಗಿ ಬಂದು ಕೇಳಿದರೆ ಹೊತ್ತಿಲ್ಲ ಹೋಗಮ್ಮ ಅನ್ನಬೇಡಿ. ಹತ್ತು ನಿಮಿಷ ಹೇಳಿ.

ಕಾಲೇಜಿನವರೂ ಅಷ್ಟೇ. ಹೋದ ವರ್ಷದ ಝೆರಾಕ್ಸಿಗೆ ರುಜು ಹಾಕುವುದು ಬಿಡಲಿ. ತರಗತಿಯನ್ನು ಇಪ್ಪತ್ತಿಪ್ಪತ್ತು ಜನರ ಗುಂಪು ಮಾಡಲಿ, ತಂದೆತಾಯಿಯ ಒಪ್ಪಿಗೆ ಚೀಟಿ ಪಡೆಯಲಿ, ನೀರಿಗೆ ಇಳಿಯಬಾರದೆಂದು ಕಟ್ಟಪ್ಪಣೆ ಮಾಡಲಿ, ಒಂದು ಬೆಳಿಗ್ಗೆ ಕರೆದೊಯ್ಯಲಿ. ತಂದೆತಾಯಿಯೂ ಒಂದು ಪ್ರಶ್ನೆ ಕೇಳಲಿ: ಎಷ್ಟು ಅಂಕ ಬಂತು ಅಂತಲ್ಲ, ಯಾವ ಕೆರೆಗೆ ಹೋಗಿದ್ದೆ ಅಂತ.

ಕೆರೆಯ ಲೆಕ್ಕ ಇಡುವ ಕಣ್ಣು ಊರಿಗೆ ಬೇಕು. ಕಡ್ಡಾಯ ಪಾಠದ ನೆಪದಲ್ಲಿ ವರ್ಷ ವರ್ಷ ಸಾವಿರಾರು ಎಳೆಯ ಕಣ್ಣು ಪುಕ್ಕಟೆ ಸಿಗುತ್ತಿವೆ. ಅವನ್ನು ಕೋಣೆಯೊಳಗೆ ಕೂಡಿಹಾಕಿದರೆ ನಷ್ಟ ಹುಡುಗರಿಗೊಂದೇ ಅಲ್ಲ, ಊರಿಗೂ.