ಪರೀಕ್ಷೆ ನಡೆಸಲಷ್ಟೇ ಹುಟ್ಟಿದ್ದಲ್ಲ

1916ರ ಜುಲೈ 27ರಂದು ಮೈಸೂರು ವಿಶ್ವವಿದ್ಯಾನಿಲಯ ಸ್ಥಾಪನೆಯಾಗುವ ತನಕ ಮೈಸೂರಿನ ಮಹಾರಾಜ ಕಾಲೇಜು, ಬೆಂಗಳೂರಿನ ಸೆಂಟ್ರಲ್ ಕಾಲೇಜುಗಳ ಪಠ್ಯ, ಪರೀಕ್ಷೆ, ಪದವಿ ಎಲ್ಲವೂ ಮದರಾಸು ವಿಶ್ವವಿದ್ಯಾನಿಲಯದ ಕೈಯಲ್ಲಿದ್ದವು. ಪಾಠ ಇಲ್ಲಿ, ತೀರ್ಪು ಅಲ್ಲಿ. ನಾಲ್ವಡಿ ಕೃಷ್ಣರಾಜ ಒಡೆಯರ್ ಮತ್ತು ದಿವಾನ ವಿಶ್ವೇಶ್ವರಯ್ಯನವರಿಗೆ ಬೇಡವಾಗಿದ್ದು ಇದೇ ವ್ಯವಸ್ಥೆ. ಬ್ರಿಟಿಷ್ ಆಡಳಿತದ ಹೊರಗೆ ಹುಟ್ಟಿದ ದೇಶದ ಮೊದಲ ವಿಶ್ವವಿದ್ಯಾನಿಲಯ ಎಂದು ಇಂದಿಗೂ ಹೆಮ್ಮೆಪಡುತ್ತೇವೆ. ಅದು ಯಾಕೆ ಬೇಕಾಯಿತು ಎಂಬುದು ಮಾತ್ರ ಮರೆತುಹೋಗಿದೆ.

ಬರೀ ಪದವಿ ಹಂಚುವುದೇ ಉದ್ದೇಶವಾಗಿದ್ದರೆ 1930ರ ದಶಕದಲ್ಲಿ ಅಧ್ಯಾಪಕರು ಊರೂರಿಗೆ ಹೋಗಿ ವಿಜ್ಞಾನ, ಆರೋಗ್ಯ, ಚರಿತ್ರೆಯ ಬಗ್ಗೆ ಕನ್ನಡದಲ್ಲಿ ಪ್ರಚಾರೋಪನ್ಯಾಸ ಮಾಡುವ ಅಗತ್ಯವೇನಿತ್ತು? ಆ ಉಪನ್ಯಾಸಗಳು ಪುಟ್ಟ ಪುಸ್ತಕಗಳಾಗಿ ಅಚ್ಚಾದವು. ಕಾಲೇಜಿನ ಮೆಟ್ಟಿಲು ಹತ್ತದವರೂ ಓದಿದರು. 1946ರಲ್ಲಿ ಇಂಗ್ಲಿಷ್-ಕನ್ನಡ ನಿಘಂಟು ಬಂತು. 1956ರಲ್ಲಿ ಕುಲಪತಿಯಾದ ಕುವೆಂಪು ಸ್ನಾತಕೋತ್ತರ ಅಧ್ಯಯನಕ್ಕೆಂದೇ ಮಾನಸಗಂಗೋತ್ರಿಯನ್ನು ಕಟ್ಟಿದರು, ಪದವಿ ತರಗತಿಗೂ ಕನ್ನಡ ಸಲ್ಲುತ್ತದೆಂದು ಪಟ್ಟುಹಿಡಿದರು. ಇದರಲ್ಲಿ ಯಾವುದರಿಂದಲೂ ಬೊಕ್ಕಸ ತುಂಬಲಿಲ್ಲ.

ಈಗಿನ ಸರ್ಕಾರಿ ವಿ.ವಿ.ಗಳಿಗೆ ಸಂಯೋಜಿತ ಕಾಲೇಜುಗಳ ಪರೀಕ್ಷೆ ಮತ್ತು ಅಂಕಪಟ್ಟಿಯೇ ಮುಖ್ಯ ಕೆಲಸ, ಅದರ ಶುಲ್ಕವೇ ಆದಾಯ. ಅಂದರೆ ಮದರಾಸಿನ ಆ ಹಳೆಯ ಪಾತ್ರವನ್ನು ಅವೇ ವಹಿಸಿಕೊಂಡಿವೆ. ತರಗತಿಗಳನ್ನು ಅತಿಥಿ ಉಪನ್ಯಾಸಕರು ನಡೆಸುತ್ತಾರೆ. ನಿವೃತ್ತರ ಪಿಂಚಣಿಗೆ ವಿ.ವಿ.ಯೇ ಹಣ ಹೊಂದಿಸಬೇಕು. ಇಂಥ ಸ್ಥಿತಿಯಲ್ಲೇ 2022ರಲ್ಲಿ ಕಾಯ್ದೆ ತಿದ್ದಿ ಹಾವೇರಿ, ಕೊಪ್ಪಳ, ಚಾಮರಾಜನಗರ, ಕೊಡಗು ಸೇರಿದಂತೆ ಏಳು ಕಡೆ ಹೊಸ ವಿ.ವಿ. ಘೋಷಿಸಲಾಯಿತು. 2025ರಲ್ಲಿ, ಹೊಸ ವಿ.ವಿ.ಗಳಲ್ಲಿ ಹೆಚ್ಚಿನವನ್ನು ಮುಚ್ಚುವ ಮಾತು ಸಂಪುಟ ಉಪಸಮಿತಿಯಿಂದ ಬಂತು.

ಕಾಸಿಲ್ಲದೆ ಕಟ್ಟಿದ್ದು ತಪ್ಪು ಎಂಬ ಆಕ್ಷೇಪ ನ್ಯಾಯವಾದದ್ದೇ. ಹಾಗೆಂದು ನಷ್ಟದ ಲೆಕ್ಕವೊಂದನ್ನೇ ಹಿಡಿದರೆ ಹಳೆಯ ವಿ.ವಿ.ಗಳೂ ಉಳಿಯುವುದಿಲ್ಲ. ಆಡಳಿತವನ್ನು ಬೇಕಾದರೆ ವಿಲೀನ ಮಾಡಲಿ, ಜಿಲ್ಲೆಯ ಸ್ನಾತಕೋತ್ತರ ಕೇಂದ್ರ ಹೋಗಬಾರದು. ದೂರದ ಊರಿನ ಹಾಸ್ಟೆಲ್ ಎಂದರೆ ಹೆಣ್ಣುಮಕ್ಕಳ ಓದನ್ನೇ ನಿಲ್ಲಿಸುವ ಮನೆಗಳು ಇನ್ನೂ ಇವೆ. ಖಾಸಗಿ ವಿ.ವಿ.ಗಳು ಇವೆಯಲ್ಲ ಎನ್ನುವವರು ಅಲ್ಲಿನ ಶುಲ್ಕವನ್ನೊಮ್ಮೆ ನೋಡಲಿ. ಸಂಶೋಧನೆಯ ಮಾತೂ ಇದೆ: ವಿದ್ವಾಂಸ ಶಾಮಾಶಾಸ್ತ್ರಿಗಳು ಓಲೆಗರಿಯಿಂದ ಕೌಟಿಲ್ಯನ ಅರ್ಥಶಾಸ್ತ್ರವನ್ನು ಹೊರತಂದದ್ದು ಮೈಸೂರು ಸರ್ಕಾರದ ಗ್ರಂಥಾಲಯದಲ್ಲಿ. ಲಾಭ ನೋಡುವ ಸಂಸ್ಥೆ ಓಲೆಗರಿ ಓದುವವರಿಗೆ ಸಂಬಳ ಕೊಡುವುದು ಅಪರೂಪ.

ಮುಚ್ಚಬೇಕಾದ ವಿ.ವಿ.ಗಳ ಪಟ್ಟಿಗಿಂತ ಮೊದಲು ಖಾಲಿ ಬಿದ್ದಿರುವ ಬೋಧಕ ಹುದ್ದೆಗಳ ಪಟ್ಟಿ ಸರ್ಕಾರದ ಮೇಜಿಗೆ ಬರಬೇಕು. ಪಿಂಚಣಿಯ ಹೊರೆಯನ್ನೂ ಸರ್ಕಾರವೇ ಹೊರಬೇಕು.